ಜೊತೆ ವಾದಿ ತೀರಿಕೊಂಡರೆ ಕೇಸು ಮುಂದುವರಿಸುವುದು ಹೇಗೆ?

ಅಣ್ಣ, ತಂಗಿ ಇಬ್ಬರೂ ಸೇರಿ ಒಂದು ಜಮೀನು ಕೊಂಡಿದ್ದರು. ಕ್ರಯಪತ್ರ ಇಬ್ಬರ ಹೆಸರಲ್ಲೂ ಇತ್ತು. ಪಕ್ಕದವರು ಒತ್ತುವರಿ ಮಾಡಿದರು ಅಂತ ಇಬ್ಬರೂ ವಾದಿಗಳಾಗಿ ದಾವೆ ಹಾಕಿದರು. ಆರು ವರ್ಷ ಕೇಸು ನಡೆಯಿತು. ಆಮೇಲೆ ಒಂದು ಜುಲೈ 5ರಂದು ಅಣ್ಣ ತೀರಿಕೊಂಡರು.

ತಂಗಿ ನನ್ನ ಆಫೀಸಿಗೆ ಬಂದಾಗ ಡಿಸೆಂಬರ್ ಅರ್ಧ ಕಳೆದಿತ್ತು. ಕೈಯಲ್ಲಿ ಆರ್ಡರ್ ಶೀಟಿನ ಜೆರಾಕ್ಸ್. ಕೊನೆಯ ಪುಟದಲ್ಲಿ ಒಂದು ಸಾಲಿಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಒಂದನೇ ವಾದಿಯ ಮಟ್ಟಿಗೆ ದಾವೆ ಅಬೇಟ್ ಆಗಿದೆ (ಬಿದ್ದುಹೋಗಿದೆ), ಇಡೀ ದಾವೆ ಉಳಿಯುತ್ತದೆಯೇ ಎಂಬುದರ ಬಗ್ಗೆ ವಾದಕ್ಕೆ ಮುಂದೂಡಿದೆ ಅಂತ ಅದರಲ್ಲಿತ್ತು. "ಸಾರ್, ಅಣ್ಣ ಹೋದ್ರೂ ನಾನಿದ್ದೀನಲ್ಲ. ಒಂದು ವಾಯಿದೇನೂ ತಪ್ಪಿಸಿಲ್ಲ. ಹಿಂಗ್ಯಾಕೆ ಬರೆದಿದ್ದಾರೆ?" ಅಂತ ಕೇಳಿದರು.

"ನಾನಿದ್ದೀನಲ್ಲ" ಅನ್ನೋ ಈ ಧೈರ್ಯದಲ್ಲೇ ಎಷ್ಟೋ ಒಳ್ಳೆಯ ಕೇಸುಗಳು ಕೆಟ್ಟಿವೆ. ಒಬ್ಬರೇ ವಾದಿ ಇದ್ದು ಅವರು ತೀರಿಕೊಂಡರೆ ಮನೆಯವರು ಕೂಡಲೇ ವಕೀಲರ ಹತ್ತಿರ ಓಡುತ್ತಾರೆ. ಇಬ್ಬರು ಮೂವರು ವಾದಿಗಳಿದ್ದಾಗ ಉಳಿದವರು ಕೋರ್ಟಿಗೆ ಹೋಗುತ್ತಲೇ ಇರುತ್ತಾರೆ. ಕೇಸು ಎಂದಿನಂತೆ ಕೂಗುತ್ತಾರೆ. ಹಾಗಾಗಿ ಏನೋ ತಪ್ಪುತ್ತಿದೆ ಅಂತ ಯಾರಿಗೂ ಅನಿಸುವುದಿಲ್ಲ. ನಿಮ್ಮ ಜೊತೆ ವಾದಿ ಈಚೆಗೆ ತೀರಿಕೊಂಡಿದ್ದರೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ. ದುಃಖದ ನಡುವೆ ಕೋರ್ಟಿನ ಮಾತು ಯಾರಿಗೂ ಬೇಡ, ಗೊತ್ತು. ಆದರೂ ಇದನ್ನು ಮುಂದಕ್ಕೆ ಹಾಕಬೇಡಿ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 22 ಮುಖ್ಯವಾಗಿ ಇದೇ ವಿಷಯದ್ದು. ಅದರ 1ನೇ ನಿಯಮ ಧೈರ್ಯದ ಮಾತನ್ನೇ ಹೇಳುತ್ತದೆ. ದಾವೆ ಹೂಡುವ ಹಕ್ಕು ಉಳಿದಿದ್ದರೆ, ವಾದಿ ಸತ್ತ ಮಾತ್ರಕ್ಕೆ ದಾವೆ ಸಾಯುವುದಿಲ್ಲ. ಆದರೆ ತೀರಿಕೊಂಡವರ ಜಾಗಕ್ಕೆ ಅವರ ವಾರಸುದಾರರನ್ನು ತರಬೇಕು. ಕೋರ್ಟಿನ ಭಾಷೆಯಲ್ಲಿ ಇದಕ್ಕೆ "ಎಲ್.ಆರ್. ತರುವುದು" ಅನ್ನುತ್ತಾರೆ. ಅದಕ್ಕೆ ಕಾಲಮಿತಿ ಇದೆ.

ಕಾಲಮಿತಿ ಕಾಯ್ದೆ, 1963ರ 120ನೇ ಅನುಚ್ಛೇದದ ಪ್ರಕಾರ 90 ದಿನ. ಇದು ಸಾವಿನ ದಿನದಿಂದ ಶುರು. ನಿಮಗೆ ಸುದ್ದಿ ಗೊತ್ತಾದ ದಿನದಿಂದ ಅಲ್ಲ, ಮುಂದಿನ ವಾಯಿದೆಯಿಂದಲೂ ಅಲ್ಲ. ತೀರಿಕೊಂಡ ದಿನವನ್ನು ಬಿಟ್ಟು ಮಾರನೇ ದಿನದಿಂದ ಎಣಿಸಬೇಕು.

"ಮೂರು ತಿಂಗಳು ಟೈಮ್ ಇದೆ" ಅಂತ ಬಾಯಿಮಾತಿಗೆ ಹೇಳುವುದುಂಟು. ಅದು ತಪ್ಪು ಲೆಕ್ಕ. ಆ ಅಣ್ಣನದ್ದೇ ತೆಗೆದುಕೊಳ್ಳಿ. ಸಾವು ಜುಲೈ 5. ಜುಲೈನಲ್ಲಿ ಉಳಿದದ್ದು 26 ದಿನ, ಆಗಸ್ಟ್ 31, ಸೆಪ್ಟೆಂಬರ್ 30. ಅಲ್ಲಿಗೆ 87 ಆಯಿತು. 90ನೇ ದಿನ ಅಕ್ಟೋಬರ್ 3. ಮೂರು ತಿಂಗಳು ಅಂತ ಅಕ್ಟೋಬರ್ 5ಕ್ಕೆ ಹೋದರೆ ಎರಡು ದಿನ ತಡ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆರೆದ ದಿನ ಅರ್ಜಿ ಕೊಡಬಹುದು, ಅದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ಕೊನೆಯ ದಿನದವರೆಗೆ ಯಾಕೆ ಕಾಯಬೇಕು ಅಲ್ವಾ?

90 ದಿನದಲ್ಲಿ ಅರ್ಜಿ ಬರದಿದ್ದರೆ, ತೀರಿಕೊಂಡ ವಾದಿಯ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ. ಅಬೇಟ್ ಅಂದರೆ ತಾನಾಗಿಯೇ ಬಿದ್ದುಹೋಗುವುದು. ಜಡ್ಜ್ ಆದೇಶ ಬರೆಯಬೇಕು ಅಂತಿಲ್ಲ. 91ನೇ ದಿನ ಅದು ಆಗಿಬಿಟ್ಟಿರುತ್ತದೆ. ಆರ್ಡರ್ ಶೀಟಿನಲ್ಲಿ ಅದು ಕಾಣುವುದು ಎಷ್ಟೋ ವಾಯಿದೆ ಕಳೆದ ಮೇಲೆ ಇರಬಹುದು.

ಎದುರು ಕಡೆಯವರು ನೆನಪಿಸುತ್ತಾರೆ ಅಂತ ಕಾಯಬೇಡಿ. ಅವರು ಸುಮ್ನೆ ಕೂತು 90 ದಿನ ಕಳೆಯಲಿ ಅಂತ ನೋಡಬಹುದು. ಆ ತಂಗಿಯ ಕೇಸಿನಲ್ಲಿ ಆದದ್ದೂ ಅದೇ. ನವೆಂಬರಿನಲ್ಲಿ ಪ್ರತಿವಾದಿಯ ವಕೀಲರೇ ಮರಣ ಪ್ರಮಾಣಪತ್ರದ ನಕಲು ಸೇರಿಸಿ ಮೆಮೊ ಹಾಕಿದ್ದರು.

ವಕೀಲರಿಗೆ ಆ ವಾರದಲ್ಲೇ ಹೇಳಿ

ಫೋನಿನಲ್ಲಿ ಹೇಳಿ, ಆಮೇಲೆ ಒಂದು ಮೆಸೇಜನ್ನೂ ಹಾಕಿ. ತೀರಿಕೊಂಡವರ ಹೆಸರು, ತಾರೀಖು, ಕೇಸ್ ನಂಬರ್ ಮೂರೂ ಇರಲಿ. ಆದೇಶ 22ರ 10ಎ ನಿಯಮದ ಪ್ರಕಾರ ಪಕ್ಷಗಾರರ ಸಾವು ವಕೀಲರಿಗೆ ಗೊತ್ತಾದರೆ ಅವರು ಕೋರ್ಟಿಗೆ ತಿಳಿಸಬೇಕು. ಆಮೇಲೆ ಕೋರ್ಟ್ ಎದುರು ಪಕ್ಷಕ್ಕೆ ನೋಟಿಸ್ ಕೊಡುತ್ತದೆ. ಆದರೆ ನೀವು ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ಗುಮಾಸ್ತರ ಹತ್ತಿರ ಹೇಳಿ ಬಂದೆ, ಅವರು ಮರೆತರು ಅನ್ನುವ ಮಾತು ನಾನು ತುಂಬಾ ಕೇಳಿದ್ದೇನೆ. ಬರಹದಲ್ಲಿದ್ದರೆ ಮುಂದೆ ತಡ ಮನ್ನಾ ಮಾಡಿ ಅಂತ ಕೇಳುವಾಗಲೂ ಅದು ಸಾಕ್ಷಿಯಾಗುತ್ತದೆ.

ಇನ್ನೆರಡು ವಿಷಯ ಗಮನದಲ್ಲಿರಲಿ. ತೀರಿಕೊಂಡವರು ವಕೀಲರಿಗೆ ಕೊಟ್ಟ ವಕಾಲತ್ತು ಅವರ ಸಾವಿನ ಜೊತೆಗೇ ಮುಗಿಯುತ್ತದೆ. ಸಾವಿನ ಸುದ್ದಿ ಕೋರ್ಟಿಗೆ ತಿಳಿಸುವ ಮಟ್ಟಿಗೆ ಮಾತ್ರ ಅದು ಉಳಿದಿದೆ ಅಂತ ಕಾನೂನು ಭಾವಿಸುತ್ತದೆ. ವಾರಸುದಾರರು ಹೊಸ ವಕಾಲತ್ತಿಗೆ ಸಹಿ ಹಾಕಲೇಬೇಕು. ಹಾಗೆಯೇ ಅವರು ಯಾರಿಗಾದರೂ ಕೇಸು ನಡೆಸಲು ಜಿ.ಪಿ.ಎ. (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಕೊಟ್ಟಿದ್ದರೆ ಅದೂ ಮುಗಿಯಿತು. ಜಿ.ಪಿ.ಎ. ಇದೆ ಅಂತ ತೀರಿಕೊಂಡವರ ಪರವಾಗಿ ಸಹಿ ಹಾಕುತ್ತಾ ಹೋದರೆ ಕೇಸಿಗೆ ಬಲ ಬರುವುದಿಲ್ಲ. ಎದುರು ವಕೀಲರಿಗೆ ಪಾಟೀ ಸವಾಲಿನಲ್ಲಿ ಒಂದು ಒಳ್ಳೆಯ ಅಸ್ತ್ರ ಕೊಟ್ಟ ಹಾಗಾಗುತ್ತದೆ.

ಅವರ ಹಕ್ಕು ಯಾರಿಗೆ ಹೋಯಿತು?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಇದಕ್ಕೆ ಮೂರು ಥರದ ಉತ್ತರ ಇರಬಹುದು.

ಮೊದಲನೆಯದು, ಹಕ್ಕು ಉಳಿದ ವಾದಿಗಳಿಗೇ ಬರುವುದು. ಒಂದು ಟ್ರಸ್ಟಿನ ಮೂವರು ಟ್ರಸ್ಟಿಗಳು ಟ್ರಸ್ಟಿನ ಆಸ್ತಿಗಾಗಿ ದಾವೆ ಹಾಕಿದ್ದಾರೆ, ಒಬ್ಬರು ತೀರಿಕೊಂಡರು ಅಂತಿಟ್ಟುಕೊಳ್ಳಿ. ಆಸ್ತಿ ಅವರ ಸ್ವಂತದ್ದಲ್ಲ, ಅವರ ಮಕ್ಕಳಿಗೆ ಹೋಗುವುದೂ ಇಲ್ಲ. ಇಂಥ ಕಡೆ 2ನೇ ನಿಯಮ. ಸಾವಿನ ವಿಷಯವನ್ನು ಮೆಮೊ ಹಾಕಿ ತಿಳಿಸಿದರೆ ಕೋರ್ಟ್ ದಾಖಲೆಯಲ್ಲಿ ಬರೆದುಕೊಂಡು ಉಳಿದವರ ಹೆಸರಲ್ಲಿ ಕೇಸು ಮುಂದುವರಿಸುತ್ತದೆ. ಪಾಲುದಾರಿಕೆ ಸಂಸ್ಥೆ ತನ್ನ ಫರ್ಮಿನ ಹೆಸರಲ್ಲೇ ದಾವೆ ಹಾಕಿದ್ದರೂ, ಒಬ್ಬ ಪಾಲುದಾರ ತೀರಿಕೊಂಡಾಗ ಅವರ ವಾರಸುದಾರರನ್ನು ತರಬೇಕಾಗಿಲ್ಲ.

ಎರಡನೆಯದು ಎಲ್ಲಕ್ಕಿಂತ ಜಾಸ್ತಿ ಬರುವುದು. ತೀರಿಕೊಂಡವರಿಗೆ ತಮ್ಮದೇ ಪಾಲು, ತಮ್ಮದೇ ಹಕ್ಕು ಇರುತ್ತದೆ, ಅದು ಅವರ ವಾರಸುದಾರರಿಗೆ ಹೋಗುತ್ತದೆ. ಆ ಅಣ್ಣ ತಂಗಿ ಕೇಸು ಇದೇ ಥರದ್ದು. ಜಮೀನಿನಲ್ಲಿ ಅಣ್ಣನ ಅರ್ಧ ತಂಗಿಗೆ ಬರಲಿಲ್ಲ. ಅದು ಅಣ್ಣನ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಹೋಯಿತು. ತಂಗಿ ತನ್ನ ಅರ್ಧಕ್ಕೆ ಮಾತ್ರ ವಾದಿ. "ನಾನಿದ್ದೀನಲ್ಲ" ಅನ್ನುವುದು ಸಾಕಾಗದೇ ಹೋದದ್ದು ಇದಕ್ಕೇ. ಇಂಥ ಕಡೆ 3ನೇ ನಿಯಮದಲ್ಲಿ ಅರ್ಜಿ ಹಾಕಬೇಕು, 90 ದಿನದ ಲೆಕ್ಕ ಓಡುತ್ತಿರುತ್ತದೆ.

ಮೂರನೆಯದು, ಹಕ್ಕು ಆ ವ್ಯಕ್ತಿಯ ಜೊತೆಗೇ ಹೋಗುವುದು. ಮಾನನಷ್ಟ, ಹಲ್ಲೆ, ಸಾವಿಗೆ ಕಾರಣವಾಗದ ಮೈಗಾಯ ಇಂಥ ತೀರಾ ವೈಯಕ್ತಿಕ ದೂರುಗಳ ಪರಿಹಾರ ಸಾಮಾನ್ಯವಾಗಿ ವಾರಸುದಾರರಿಗೆ ದಾಟುವುದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 306ನೇ ಕಲಂ ಈ ಮಾತು ಹೇಳುತ್ತದೆ. ಇಬ್ಬರು ಸೇರಿ ಮಾನನಷ್ಟದ ದಾವೆ ಹಾಕಿ ಒಬ್ಬರು ತೀರಿಕೊಂಡರೆ ಅವರ ಭಾಗ ಅಲ್ಲಿಗೆ ಮುಗಿಯುತ್ತದೆ, ಇನ್ನೊಬ್ಬರ ಸ್ವಂತ ದೂರು ನಡೆಯುತ್ತದೆ. ಆದರೆ ಅದೇ ದಾವೆಯಲ್ಲಿ ಹಣದ ನಷ್ಟವನ್ನೂ ಕೇಳಿದ್ದರೆ ಆ ಭಾಗ ಉಳಿಯಬಹುದು. ಹಾಗಾಗಿ ವಾದಪತ್ರದಲ್ಲಿ ಏನೇನು ಕೇಳಿದ್ದೀರಿ ಅಂತ ಒಂದೊಂದೇ ಪರಿಹಾರ ಹಿಡಿದು ವಕೀಲರ ಜೊತೆ ಕೂತು ನೋಡಿ.

2ನೇ ನಿಯಮವೋ 3ನೇ ನಿಯಮವೋ ಅನ್ನೋ ಅನುಮಾನ ಇದ್ದರೆ 3ರಲ್ಲೇ ಅರ್ಜಿ ಹಾಕಿ. ಬೇಡದ ಕಡೆ ಅರ್ಜಿ ಹಾಕಿದರೆ ಹೋಗುವುದು ಸ್ವಲ್ಪ ಸಮಯ ಅಷ್ಟೇ. ಬೇಕಾದ ಕಡೆ ಹಾಕದಿದ್ದರೆ ಕೇಸೇ ಹೋಗಬಹುದು.

ವಾರಸುದಾರರ ಪಟ್ಟಿ

ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಗೆ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ಮೊದಲೇ ತೀರಿಕೊಂಡ ಮಗ ಅಥವಾ ಮಗಳು ಇದ್ದರೆ ಅವರ ಮಕ್ಕಳೂ ಬರುತ್ತಾರೆ. ತಾಯಿಯನ್ನು ಬಿಟ್ಟುಬಿಡುವುದು ತುಂಬಾ ಸಾಮಾನ್ಯ. "ಅವರಿಗೆ ವಯಸ್ಸಾಗಿದೆ, ಕೋರ್ಟಿಗೆ ಯಾಕೆ ಎಳೆಯೋದು" ಅನ್ನುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಹಾಗೇ ಬಿಡುತ್ತಾರೆ. ಎರಡೂ ತಪ್ಪು. ತಂದೆ ಬದುಕಿದ್ದರೂ ಈ ಮೊದಲ ಪಟ್ಟಿಯಲ್ಲಿ ಅವರಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ತೀರಿಕೊಂಡವರು ಹಿಂದೂ ಹೆಂಗಸಾದರೆ ಗಂಡ ಮತ್ತು ಮಕ್ಕಳು ಮೊದಲು. ಅವರಿಗೆ ಮಕ್ಕಳು ಮೊಮ್ಮಕ್ಕಳು ಇಲ್ಲದೆ, ಆಸ್ತಿ ತಂದೆ ತಾಯಿಯಿಂದ ವಾರಸಾಗಿ ಬಂದದ್ದಾಗಿದ್ದರೆ ಅದು ತವರಿನ ಕಡೆಗೆ, ಅಂದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮಗಳಿವೆ. ಉಯಿಲು ಇದ್ದರೆ ಅದನ್ನು ಬಚ್ಚಿಡಬೇಡಿ. ಉಯಿಲಿನಲ್ಲಿ ಆಸ್ತಿ ಪಡೆದವರೂ ಪ್ರತಿನಿಧಿಯಾಗಿ ಬರಬಹುದು. ಕಾನೂನು ಇಲ್ಲಿ ನೋಡುವುದು ತೀರಿಕೊಂಡವರ ಆಸ್ತಿಯನ್ನು ಪ್ರತಿನಿಧಿಸುವವರು ಯಾರು ಅಂತ. ರಕ್ತಸಂಬಂಧ ಒಂದೇ ಅಲ್ಲ.

ಅಪ್ರಾಪ್ತ ಮಕ್ಕಳಿದ್ದರೆ ಅವರ ಪರವಾಗಿ ದೊಡ್ಡವರೊಬ್ಬರು ನಿಲ್ಲಬೇಕು. ಸಾಮಾನ್ಯವಾಗಿ ತಾಯಿ ನಿಲ್ಲುತ್ತಾರೆ. ಆ ಕೇಸಿನಲ್ಲಿ ತಾಯಿಗೂ ಮಕ್ಕಳಿಗೂ ಹಿತಾಸಕ್ತಿ ಬೇರೆಯಾಗಿರಬಾರದು ಅಷ್ಟೇ.

ಮನೆಯೊಳಗೆ ಜಗಳ ಇದ್ದು "ನಾವು ಸಹಿ ಹಾಕಲ್ಲ" ಅಂತ ವಾರಸುದಾರರೇ ಹಿಂದೆ ಸರಿದರೆ? ಇದು ಕೇಳಿದಷ್ಟು ದೊಡ್ಡ ತೊಂದರೆ ಅಲ್ಲ. ಅರ್ಜಿಯನ್ನು ವಾರಸುದಾರರೇ ಹಾಕಬೇಕು ಅಂತ 3ನೇ ನಿಯಮ ಹೇಳುವುದಿಲ್ಲ. ಉಳಿದ ವಾದಿಯಾದ ನೀವೂ ಹಾಕಬಹುದು. ವಾದಿಯಾಗಲು ಒಪ್ಪದವರನ್ನು ಪ್ರತಿವಾದಿಗಳ ಸಾಲಿಗೆ ಸೇರಿಸಿ ಅಂತ ಕೇಳಬಹುದು. ಅವರು ದಾಖಲೆಯಲ್ಲಿ ಬಂದರೆ ತೀರಿಕೊಂಡವರ ಹಕ್ಕಿಗೆ ಪ್ರತಿನಿಧಿ ಇದ್ದ ಹಾಗಾಯಿತು. ಅವರನ್ನು ಒಲಿಸುತ್ತಾ 90 ದಿನ ಕಳೆದುಕೊಳ್ಳಬೇಡಿ.

ಇನ್ನೊಂದು ಸಂದರ್ಭವಿದೆ. ತೀರಿಕೊಂಡವರ ವಾರಸುದಾರರು ಮೊದಲೇ ಕೇಸಿನಲ್ಲಿ ಬೇರೆ ನಂಬರಿನಲ್ಲಿ ಇರಬಹುದು. ಉದಾಹರಣೆಗೆ ತಾಯಿ, ಮಗ ಇಬ್ಬರೂ ವಾದಿಗಳು, ತಾಯಿ ತೀರಿಕೊಂಡರು, ಮಗನೇ ವಾರಸುದಾರ. ಇಂಥ ಕಡೆ ವಾರಸುದಾರರು ದಾಖಲೆಯಲ್ಲಿ ಇದ್ದಾರೆ, ಅರ್ಜಿ ಬರಲಿಲ್ಲ ಅಂತ ದಾವೆ ಅಬೇಟ್ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೇ ಪ್ರಾಮಾಣಿಕವಾಗಿ ವಿಚಾರಿಸಿ ಗೊತ್ತಿದ್ದ ವಾರಸುದಾರರನ್ನು ತಂದಿದ್ದು, ಆಮೇಲೆ ಇನ್ನೊಬ್ಬರು ಇದ್ದಾರೆ ಅಂತ ತಿಳಿದರೆ ಕೇಸು ಬೀಳುವುದಿಲ್ಲ. ಆದರೂ ಒಂದು ಅರ್ಜಿಯೋ ಮೆಮೊವೋ ಹಾಕಿ ದಾಖಲೆ ಸರಿಮಾಡಿಸಿಕೊಳ್ಳಿ. ಈ ತೀರ್ಪುಗಳು ಗಾಯಕ್ಕೆ ಮದ್ದು. ಮದ್ದು ಇದೆ ಅಂತ ಗಾಯ ಮಾಡಿಕೊಳ್ಳಬಾರದು.

ಕಾಗದಗಳು

ಮರಣ ಪ್ರಮಾಣಪತ್ರ ಮೊದಲು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಸುಲಭ, ಅದು ದಾಟಿದರೆ ದಂಡ, ಅನುಮತಿ ಅಂತ ಓಡಾಟ ಹೆಚ್ಚುತ್ತದೆ. ನಾಲ್ಕೈದು ಪ್ರತಿ ಒಟ್ಟಿಗೇ ತೆಗೆದಿಡಿ, ಬ್ಯಾಂಕಿಗೂ ಬೇಕಾಗುತ್ತದೆ. ಆಮೇಲೆ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ, ಇದನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಜೊತೆಗೆ ಪ್ರತಿ ವಾರಸುದಾರರ ಪೂರ್ತಿ ಹೆಸರು, ವಯಸ್ಸು, ವಿಳಾಸ, ಆಧಾರ್ ಪ್ರತಿ. ಮಕ್ಕಳ ವಯಸ್ಸಿಗೆ ಶಾಲೆಯ ದಾಖಲೆ.

ವಂಶವೃಕ್ಷ ಬರಲು ತಡವಾಗುತ್ತದೆ. ಅದು ಬರಲಿ ಆಮೇಲೆ ಅರ್ಜಿ ಹಾಕೋಣ ಅಂತ ಕೂರಬೇಡಿ. 90 ದಿನ ಮುಖ್ಯ ಆಗಿರುವುದು ಅರ್ಜಿಗೆ. ಅರ್ಜಿ ಹಾಕಿ, "ದಾಖಲೆಗೆ ಅರ್ಜಿ ಕೊಟ್ಟಿದ್ದೇವೆ, ಬಂದ ಕೂಡಲೇ ಹಾಜರುಪಡಿಸುತ್ತೇವೆ" ಅಂತ ಅಫಿಡವಿಟ್‌ನಲ್ಲಿ ಬರೆಯಿರಿ, ನಾಡಕಚೇರಿಯ ಸ್ವೀಕೃತಿ ಸೇರಿಸಿ.

ಅರ್ಜಿಯಲ್ಲಿ ಏನಿರಬೇಕು

ಆದೇಶ 22 ನಿಯಮ 3ರ ಕೆಳಗೆ ಒಂದು ಐ.ಎ. (ನಡೆಯುತ್ತಿರುವ ಕೇಸಿನೊಳಗೆ ಹಾಕುವ ಮಧ್ಯಂತರ ಅರ್ಜಿ), ಅದರ ಜೊತೆ ಒಂದು ಅಫಿಡವಿಟ್. ಕಷ್ಟದ ಭಾಷೆ ಬೇಕಿಲ್ಲ. ಅಫಿಡವಿಟ್ ಹೆಚ್ಚುಕಡಿಮೆ ಹೀಗಿದ್ದರೆ ಸಾಕು:

"ನಾನು ಈ ದಾವೆಯ 2ನೇ ವಾದಿ. 1ನೇ ವಾದಿಯವರು ಜುಲೈ 5ರಂದು ತೀರಿಕೊಂಡಿದ್ದಾರೆ. ಮರಣ ಪ್ರಮಾಣಪತ್ರ ಲಗತ್ತಿಸಿದೆ. ಅವರಿಗೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ವಾರಸುದಾರರು. ಇವರನ್ನು ಬಿಟ್ಟು ಬೇರೆ ಯಾರೂ ಇಲ್ಲ. ದಾವಾ ಆಸ್ತಿಯಲ್ಲಿ 1ನೇ ವಾದಿಯವರಿಗೆ ಇದ್ದ ಹಕ್ಕು ಇವರಿಗೆ ಬಂದಿದೆ. ದಾವೆ ಹೂಡುವ ಹಕ್ಕು ಉಳಿದಿದೆ. ಆದ್ದರಿಂದ ಇವರನ್ನು 1(ಎ)ಯಿಂದ 1(ಡಿ) ವಾದಿಗಳಾಗಿ ದಾಖಲೆಗೆ ತರಲು ಅಪ್ಪಣೆ ಕೊಡಬೇಕು."

ಸಾವಿನ ತಾರೀಖು ಪ್ರಮಾಣಪತ್ರದಲ್ಲಿ ಇರುವ ಹಾಗೇ ಬರೆಯಿರಿ. ಹೆಸರಿನ ಇನಿಶಿಯಲ್ ವಾದಪತ್ರದಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ "ಇಬ್ಬರೂ ಒಬ್ಬರೇ" ಅಂತ ಅಫಿಡವಿಟ್‌ನಲ್ಲೇ ಹೇಳಿಬಿಡಿ. ಎದುರು ಕಡೆಯವರ ಮೊದಲ ತಕರಾರು ಅದೇ ಆಗಿರುತ್ತದೆ.

ಅರ್ಜಿಯ ಪ್ರತಿ ಪ್ರತಿವಾದಿಗೆ ಹೋಗುತ್ತದೆ, ಅವರು ಆಕ್ಷೇಪಣೆ ಹಾಕಬಹುದು. ಇವರು ವಾರಸುದಾರರೇ ಅಲ್ಲ ಅಂತ ಯಾರಾದರೂ ಜಗಳ ತೆಗೆದರೆ 5ನೇ ನಿಯಮದಂತೆ ಕೋರ್ಟ್ ಅದನ್ನು ತೀರ್ಮಾನಿಸುತ್ತದೆ, ಬೇಕಾದರೆ ಸಾಕ್ಷಿ ಕೂಡ ತೆಗೆದುಕೊಳ್ಳುತ್ತದೆ. ಇಲ್ಲಿ ಒಂದು ಸಮಾಧಾನ ಇದೆ. ಆ ತೀರ್ಮಾನ ಈ ದಾವೆ ಮುಂದೆ ನಡೆಸಲು ಮಾತ್ರ. ಆಸ್ತಿ ಕೊನೆಗೆ ಯಾರದ್ದು ಅಂತ ಅದು ಹೇಳುವುದಿಲ್ಲ. ಹಾಗಾಗಿ ಮನೆಯೊಳಗಿನ ಪಾಲಿನ ಜಗಳವನ್ನು ಈ ಅರ್ಜಿಯೊಳಗೆ ತರಬೇಡಿ.

ಅರ್ಜಿ ಮಂಜೂರಾದ ಮೇಲೂ ಕೆಲಸ ಇದೆ

ಆದೇಶ ಬಂತು ಅಂತ ನಿಟ್ಟುಸಿರು ಬಿಟ್ಟು ಮನೆಗೆ ಹೋಗುವವರು ಬಹಳ. ಆದರೆ ವಾದಪತ್ರದ ಕಾಸ್ ಟೈಟಲ್ (ಪಕ್ಷಗಾರರ ಹೆಸರು ಇರುವ ತಲೆಭಾಗ) ತಿದ್ದಬೇಕು, ತಿದ್ದಿದ ವಾದಪತ್ರ ಹಾಕಬೇಕು. ಕೋರ್ಟ್ ಕೊಟ್ಟ ದಿನದೊಳಗೆ ಮಾಡಿ. ದಿನ ಹೇಳದಿದ್ದರೆ 14 ದಿನ ಅಂತ ಇಟ್ಟುಕೊಳ್ಳಿ. ತೀರಿಕೊಂಡವರ ಹೆಸರು ಅಳಿಸಿಹೋಗುವುದಿಲ್ಲ. ಹೆಸರಿನ ಮುಂದೆ "ಮೃತ, ವಾರಸುದಾರರ ಮೂಲಕ" ಅಂತ ಬರುತ್ತದೆ. ಅದರ ಕೆಳಗೆ 1(ಎ), 1(ಬಿ) ಅಂತ ಸಾಲಾಗಿ ಹೊಸಬರ ಹೆಸರು.

ಹೊಸದಾಗಿ ಬಂದವರು ತೀರಿಕೊಂಡವರ ಜಾಗದಲ್ಲಿ ನಿಲ್ಲುತ್ತಾರೆ. ಅವರು ಏನು ಹೇಳಬಹುದಿತ್ತೋ ಅದನ್ನೇ ಇವರೂ ಹೇಳಬಹುದು. "ಈ ಜಮೀನು ನನಗೆ ಬೇರೆ ದಾರಿಯಿಂದ ಬಂದಿದೆ" ಅಂತ ತಮ್ಮದೇ ಹೊಸ ಹಕ್ಕನ್ನು ಇಲ್ಲಿ ತರಲು ಆಗುವುದಿಲ್ಲ.

ಕೇಸು ಮೊದಲಿನಿಂದ ಶುರುವಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ. ತೀರಿಕೊಂಡವರು ಸಾಕ್ಷಿ ಹೇಳಿ ಪಾಟೀ ಸವಾಲೂ ಮುಗಿದಿದ್ದರೆ ಅವರ ಹೇಳಿಕೆ ಹಾಗೇ ಉಳಿಯುತ್ತದೆ. ಮುಖ್ಯ ವಿಚಾರಣೆಯ ಅಫಿಡವಿಟ್ ಮಾತ್ರ ಹಾಕಿ, ಪಾಟೀ ಸವಾಲು ಆಗುವ ಮೊದಲೇ ತೀರಿಕೊಂಡಿದ್ದರೆ ಅದನ್ನೇ ನಂಬಿ ಕೂರಬೇಡಿ. ವಿಷಯ ಗೊತ್ತಿರುವ ಇನ್ನೊಬ್ಬರು ಸಾಕ್ಷಿ ಕಟ್ಟೆ ಹತ್ತಬೇಕು. ಆ ಕೇಸಿನಲ್ಲಿ ಕ್ರಯಪತ್ರದ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜೊತೆಗಿದ್ದದ್ದು ತಂಗಿ, ಹಾಗಾಗಿ ಅವರೇ ಸಾಕ್ಷಿ ಹೇಳಿದರು.

90 ದಿನ ದಾಟಿಹೋಗಿದ್ದರೆ

ಹೆದರಬೇಡಿ. ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಇನ್ನು ಪ್ರತಿ ದಿನಕ್ಕೂ ಉತ್ತರ ಕೊಡಬೇಕಾಗುತ್ತದೆ.

ಅಬೇಟ್ ಆದ ದಿನದಿಂದ 60 ದಿನದೊಳಗೆ ಅದನ್ನು ರದ್ದುಮಾಡಿ ಅಂತ 9ನೇ ನಿಯಮದಲ್ಲಿ ಅರ್ಜಿ ಹಾಕಬಹುದು. ಇದು ಕಾಲಮಿತಿ ಕಾಯ್ದೆಯ 121ನೇ ಅನುಚ್ಛೇದ. 90 ಮತ್ತು 60 ಸೇರಿ 150 ದಿನ. ಜುಲೈ 5ರ ಸಾವಿಗೆ 150ನೇ ದಿನ ಡಿಸೆಂಬರ್ 2. ಅದೂ ದಾಟಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಂ ಕೆಳಗೆ ತಡ ಮನ್ನಾ ಕೇಳಬೇಕು.

ಅಂದರೆ 90ರ ಒಳಗೆ ಒಂದೇ ಅರ್ಜಿ. 91ರಿಂದ 150ರವರೆಗೆ ವಾರಸುದಾರರನ್ನು ತರುವುದರ ಜೊತೆ ಅಬೇಟ್ ರದ್ದುಮಾಡುವ ಕೋರಿಕೆ. 150 ದಾಟಿದರೆ ಇವೆರಡರ ಜೊತೆ ತಡ ಮನ್ನಾ. ತಂಗಿ ನನ್ನ ಹತ್ತಿರ ಬಂದದ್ದು ಡಿಸೆಂಬರ್ ಮಧ್ಯದಲ್ಲಿ, ಹಾಗಾಗಿ ಮೂರೂ ಹಾಕಬೇಕಾಯಿತು. ಬೇರೆ ಬೇರೆ ಅರ್ಜಿಯಾಗಿ ಹಾಕುವುದೇ ಒಳ್ಳೆಯದು. ಹಿಂದೆ ಯಾರೋ ಬರೀ ವಾರಸುದಾರರನ್ನು ತರುವ ಅರ್ಜಿ ಮಾತ್ರ ಹಾಕಿದ್ದರೆ ಕೈಚೆಲ್ಲಬೇಡಿ. 2003ರಲ್ಲಿ ಮಿಥೈಲಾಲ್ ದಲ್‌ಸಂಗರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಸುದಾರರನ್ನು ತರುವ ಕೋರಿಕೆಯೊಳಗೇ ಅಬೇಟ್ ರದ್ದುಮಾಡುವ ಕೋರಿಕೆಯೂ ಸೇರಿದೆ ಅಂತ ಓದಬಹುದು ಅಂದಿದೆ. ಹಲವು ವಾದಿಗಳಲ್ಲಿ ಒಬ್ಬರ ಮಟ್ಟಿಗೆ ಕೇಳಿದ್ದನ್ನೂ ಇಡೀ ದಾವೆಗೆ ಕೇಳಿದ್ದು ಅಂತ ತೆಗೆದುಕೊಳ್ಳಬಹುದು ಅಂತಲೂ ಹೇಳಿದೆ. ವಿಚಾರಣೆಯೇ ಇಲ್ಲದೆ ಕೇಸು ಮುಗಿಯುವುದು ಸರಿಯಲ್ಲ, ಅದಕ್ಕೇ ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಅನ್ನುವುದು ಅದರ ಹಿಂದಿನ ಯೋಚನೆ.

ತಡಕ್ಕೆ ಕಾರಣ ಬರೆಯುವಾಗ ನಿಜ ಬರೆಯಿರಿ, ತಾರೀಖಿನ ಸಮೇತ ಬರೆಯಿರಿ. "ಅನಿವಾರ್ಯ ಕಾರಣಗಳಿಂದ" ಅಂತ ಒಂದು ಸಾಲು ಬರೆದರೆ ಯಾರೂ ಒಪ್ಪುವುದಿಲ್ಲ. ತಂಗಿಯ ಅಫಿಡವಿಟ್ ಎರಡು ಪುಟ ಇತ್ತು. ಅಣ್ಣನ ಸಾವು ಯಾವತ್ತು, ಅತ್ತಿಗೆ ಯಾವಾಗ ತವರಿಗೆ ಹೋದರು, ತಾಯಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಆಸ್ಪತ್ರೆಯಲ್ಲಿದ್ದರು, ಇನ್ನೊಬ್ಬ ವಾದಿ ಇದ್ದರೆ ಸಾಕು ಅಂತ ತಾನು ತಿಳಿದಿದ್ದು, ಮೆಮೊ ಹಾಕಿದ ದಿನ ಗೊತ್ತಾದದ್ದು, ಅಲ್ಲಿಂದ ಎಷ್ಟು ದಿನದಲ್ಲಿ ಅರ್ಜಿ ಹಾಕಿದ್ದು, ಎಲ್ಲವೂ ಸಾಲಾಗಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಲಗತ್ತಿಸಿದೆವು. ಅವರು ಪ್ರತಿ ವಾಯಿದೆಗೂ ಬಂದಿದ್ದರಲ್ಲ, ಅದು ಆರ್ಡರ್ ಶೀಟಿನಲ್ಲೇ ಇತ್ತು. ಕೇಸು ಬಿಟ್ಟುಕೊಟ್ಟವರು ಹೀಗೆ ಬರುವುದಿಲ್ಲ ಅಂತ ವಾದಿಸಲು ಅದೇ ನೆರವಾಯಿತು. ಕೋರ್ಟ್ ಎದುರು ಕಡೆಗೆ ಖರ್ಚು ಕೊಡಿಸಿ ಮೂರು ಅರ್ಜಿಗಳನ್ನೂ ಮಂಜೂರು ಮಾಡಿತು. ಹೊಸ ವಕಾಲತ್ತಿನಲ್ಲಿ ತಾಯಿ ಹೆಬ್ಬೆಟ್ಟು ಒತ್ತುವಾಗ ಶಾಯಿ ಜಾಸ್ತಿಯಾಗಿ ಹರಡಿತು. ಗುಮಾಸ್ತರು ಇನ್ನೊಂದು ಹಾಳೆ ತಂದರು, ಅಜ್ಜಿ ಮತ್ತೆ ನಿಧಾನವಾಗಿ ಒತ್ತಿದರು. "ಇದು ಅವನ ಹೆಸರಿಗೇ ಅಲ್ವಾ?" ಅಂತ ಕೇಳಿದರು.

ಈ ಹಂತದಲ್ಲಿ ಒಂದು ತಪ್ಪು ದಾರಿ ಕಾಣಿಸುತ್ತದೆ. ಇದು ಹೋದರೆ ಹೋಗಲಿ, ಹೊಸ ಕೇಸು ಹಾಕೋಣ ಅಂತ ಕೆಲವರು ಹೇಳಿಕೊಡುತ್ತಾರೆ. ಅಬೇಟ್ ಆದ ದಾವೆಯ ಅದೇ ಕಾರಣಕ್ಕೆ ಹೊಸ ದಾವೆ ಹಾಕಲು 9ನೇ ನಿಯಮ ಬಿಡುವುದಿಲ್ಲ. ಅಬೇಟ್ ರದ್ದುಮಾಡಿಸುವುದೊಂದೇ ದಾರಿ.

ಒಬ್ಬರ ಭಾಗ ಬಿದ್ದರೆ ಇಡೀ ಕೇಸು ಬೀಳುತ್ತಾ?

ಕೆಲವು ಸಲ ಹೌದು. 1ನೇ ವಾದಿಯ ಭಾಗ ಬಿದ್ದ ಮೇಲೆ ಉಳಿದವರಿಗೆ ಡಿಕ್ರಿ ಕೊಟ್ಟರೆ ಎರಡು ತೀರ್ಮಾನ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವಾ ಅಂತ ಕೋರ್ಟ್ ನೋಡುತ್ತದೆ. ಪಂಜಾಬ್ ಸರ್ಕಾರ ಮತ್ತು ನಾಥು ರಾಮ್ ನಡುವಿನ ಹಳೆಯ ಪ್ರಕರಣ ಇದಕ್ಕೆ ಇವತ್ತಿಗೂ ಅಳತೆಗೋಲು. ಇಬ್ಬರು ಅಣ್ಣತಮ್ಮಂದಿರಿಗೆ ಒಟ್ಟಿಗೇ ಭೂಸ್ವಾಧೀನದ ಪರಿಹಾರ ಸಿಕ್ಕಿತ್ತು. ಸರ್ಕಾರ ಮೇಲ್ಮನವಿ ಹಾಕಿತು. ಒಬ್ಬರು ತೀರಿಕೊಂಡರು, ಅವರ ವಾರಸುದಾರರನ್ನು ಸರ್ಕಾರ ತರಲಿಲ್ಲ. ಪರಿಹಾರ ಒಟ್ಟಾಗಿ ಸಿಕ್ಕಿದ್ದರಿಂದ, ಬದುಕಿದ್ದವರ ವಿರುದ್ಧದ ಮೇಲ್ಮನವಿಯೂ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಪೆಟ್ಟು ತಿಂದದ್ದು ಸರ್ಕಾರ. ವಾದಿಗಳ ಕಡೆ ಹೀಗಾದರೆ ಪೆಟ್ಟು ನಿಮಗೆ.

ಒಂದೇ ಕರಾರಿನಲ್ಲಿ ಇಬ್ಬರು ಸೇರಿ ಜಮೀನು ಕೊಳ್ಳಲು ಒಪ್ಪಿ, ಕ್ರಯ ಮಾಡಿಸಿಕೊಡಿ ಅಂತ ದಾವೆ ಹಾಕಿದ್ದರೆ ಹಕ್ಕನ್ನು ಎರಡಾಗಿ ಸೀಳುವುದು ಕಷ್ಟ. ಇಲ್ಲಿ ಅಪಾಯ ಹೆಚ್ಚು. ಇಬ್ಬರು ಬೇರೆ ಬೇರೆ ಕೊಟ್ಟ ಸಾಲಕ್ಕೆ ಒಟ್ಟಿಗೆ ದಾವೆ ಹಾಕಿದ್ದರೆ ಒಬ್ಬರದ್ದು ಬಿದ್ದರೂ ಇನ್ನೊಬ್ಬರದ್ದು ನಿಲ್ಲುತ್ತದೆ. ದಾವೆ ಪೂರ್ತಿ ಬಿದ್ದರೆ ಅದರ ಮೇಲೆ ನಿಂತಿದ್ದ ತಡೆಯಾಜ್ಞೆಗೂ ನೆಲೆ ಇರುವುದಿಲ್ಲ, ಇದನ್ನು ಮರೆಯಬೇಡಿ.

ಕೇಸು ಯಾವ ಹಂತದಲ್ಲಿದೆ?

ಎರಡೂ ಕಡೆಯ ವಾದ ಮುಗಿದು ತೀರ್ಪಿಗೆ ಇಟ್ಟ ಮೇಲೆ ತೀರಿಕೊಂಡರೆ ಚಿಂತೆ ಬೇಡ. 6ನೇ ನಿಯಮದಂತೆ ತೀರ್ಪು ಕೊಡಬಹುದು, ಅದು ಸಾವಿಗೆ ಮೊದಲೇ ಕೊಟ್ಟಷ್ಟೇ ಬಲವುಳ್ಳದ್ದು.

ಮೇಲ್ಮನವಿಯಲ್ಲೂ ಇದೇ ನಿಯಮಗಳು, ಇದೇ 90 ದಿನ. ನೀವು ಸೋತು ಮೇಲ್ಮನವಿ ಹಾಕಿದ್ದರೆ ಜೊತೆಗಾರರ ವಾರಸುದಾರರನ್ನು ತರುವ ಕೆಲಸ ನಿಮ್ಮದು. ನೀವು ಗೆದ್ದು ಎದುರಿನವರು ಮೇಲ್ಮನವಿ ಹಾಕಿದ್ದರೆ ಅದು ಅವರದ್ದು.

ಡಿಕ್ರಿಯಾಗಿ ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ ಕೆಲಸ) ನಡೆಯುತ್ತಿದ್ದರೆ ಅಬೇಟ್ ಅನ್ನೋದೇ ಇಲ್ಲ, 12ನೇ ನಿಯಮ ಹಾಗಂತ ಹೇಳುತ್ತದೆ. ವಾರಸುದಾರರು ಅರ್ಜಿ ಹಾಕಿ ಮುಂದುವರಿಸಬಹುದು.

ನಿಮ್ಮ ಕೇಸು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿ. ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್, ಅಂದರೆ 16 ಅಕ್ಷರ ಅಂಕಿಗಳ ಸಿ.ಎನ್.ಆರ್. ನಂಬರ್ ಹಾಕಿದರೆ ಹಿಂದಿನ ವಾಯಿದೆಗಳು, ಮುಂದಿನ ತಾರೀಖು ಸಿಗುತ್ತವೆ. ತೀರಿಕೊಂಡವರ ಫೈಲಿನಲ್ಲಿ ಆ ನಂಬರ್ ಇದ್ದರೆ ಇವತ್ತೇ ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅವರು ಯಾವ್ಯಾವ ಕೇಸಿನಲ್ಲಿ ವಾದಿಯಾಗಿದ್ದರು ಅಂತ ಆ ಫೈಲನ್ನು ಪೂರ್ತಿ ತೆಗೆದು ನೋಡಿ. ಒಂದೇ ಇದೆ ಅಂದುಕೊಂಡ ಕಡೆ ಎರಡು ಇರಬಹುದು, ಎರಡಕ್ಕೂ ದಿನ ಅದೇ ತಾರೀಖಿನಿಂದ ಓಡುತ್ತಿರುತ್ತದೆ.